ಜೊಂಡಿನ ಪಾತಿಯಲ್ಲಿ ಊರಿನ ಕೊಳೆನೀರು

ಹಬ್ಬಕ್ಕೆ ಊರಿಗೆ ಹೋಗಿ ಬಂದ ನಮ್ಮ ವಾಚನಾಲಯದ ಬಂಧುಗಳು ತರುವ ಸುದ್ದಿ ಈಚೆಗೆ ಬಹುಮಟ್ಟಿಗೆ ಒಂದೇ: ಮನೆಗೆ ನಲ್ಲಿ ಬಂದಿತು, ಬೀದಿಗೆ ಕೊಳಚೆ ಬಂದಿತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ನಿನ ಲೆಕ್ಕ, ತಲೆಗೆ ದಿನಕ್ಕೆ 55 ಲೀಟರು. ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳೆಯಾಗಿ ಹೊರಬೀಳುವುದೆಂದು ಇಂಜಿನಿಯರರು ಹಿಡಿಯುತ್ತಾರೆ. ಸಾವಿರ ಜನರ ಊರಾದರೆ ದಿನಕ್ಕೆ 44,000 ಲೀಟರು! ಬಾವಿಯಿಂದ ಕೊಡ ಹೊತ್ತು ತರುತ್ತಿದ್ದ ಕಾಲದಲ್ಲಿ ಬಚ್ಚಲ ಹಿಂದಿನ ಬಾಳೆಯ ಗಿಡವೇ ಅಷ್ಟನ್ನೂ ಕುಡಿದು ಮುಗಿಸುತ್ತಿತ್ತು. ಈಗ ಅದಕ್ಕೆ ಸಾಧ್ಯವಿಲ್ಲ.

ಪಟ್ಟಣಗಳಲ್ಲಿ ಕೊಳೆನೀರಿಗೆ ಯಂತ್ರದಿಂದ ಗಾಳಿ ಊದುತ್ತಾರೆ. ಕೊಳೆಯನ್ನು ತಿಂದು ಕರಗಿಸುವುದು ಯಂತ್ರವಲ್ಲ, ಕಣ್ಣಿಗೆ ಕಾಣದ ಜೀವಾಣುಗಳು; ಅವುಗಳಿಗೆ ಉಸಿರು ಬೇಕು, ಅಷ್ಟೆ. ಹಳ್ಳಿಯಲ್ಲಿ ಕರೆಂಟು ಹೋದರೆ ಆ ಉಸಿರೂ ಹೋಯಿತು.

ಫ್ರಾನ್ಸ್ ದೇಶದ ಸಾವಿರಾರು ಸಣ್ಣ ಊರುಗಳು ಬೇರೊಂದು ದಾರಿ ಹಿಡಿದಿವೆ. ಅದರ ಮೂಲ, 1950ರ ದಶಕದಲ್ಲಿ ಜರ್ಮನಿಯ ಕೇಟೆ ಸೈಡೆಲ್ ಎಂಬ ವಿದುಷಿ ನೀರುಸಸ್ಯಗಳ ಮೇಲೆ ನಡೆಸಿದ ಪ್ರಯೋಗಗಳು. ಕೊಳವೆಯಲ್ಲಿ ಬಂದ ನೀರು ಮೊದಲು ಕಬ್ಬಿಣದ ಜಾಲರಿಯಲ್ಲಿ ಕಸ ಬಿಟ್ಟು, ಸಣ್ಣ ಜಲ್ಲಿ ತುಂಬಿ ಜೊಂಡು ನೆಟ್ಟ ಪಾತಿಯ ಮೇಲೆ ಹರಡುತ್ತದೆ. ಒಂದೇ ಸಮನೆ ಸುರಿಯಕೂಡದು. ತೊಟ್ಟಿಯಲ್ಲಿ ನಿಂತು, ತುಂಬಿದಾಗ ಒಮ್ಮೆಲೇ ಬೀಳಬೇಕು. ನೆಲ ಇಳಿಜಾರಾಗಿದ್ದರೆ ಈ ಕೆಲಸವನ್ನು ಸೈಫನ್ ಕರೆಂಟಿಲ್ಲದೆ ಮಾಡುತ್ತದೆ. ನೀರು ಕೆಳಗಿಳಿದಂತೆ ಅದರ ಹಿಂದೆಯೇ ಗಾಳಿ ಜಲ್ಲಿಯೊಳಗೆ ನುಗ್ಗುತ್ತದೆ; ಜೀವಾಣುಗಳಿಗೆ ಉಸಿರು ಸಿಕ್ಕುವುದು ಹೀಗೆ. ಅಲ್ಲಿಂದ ನೀರು ಮರಳಿನ ಎರಡನೆಯ ಪಾತಿಗೆ ಹೋಗಿ ಇನ್ನಷ್ಟು ತಿಳಿಯಾಗುತ್ತದೆ.

ಜೊಂಡೇ ಕೊಳೆಯನ್ನೆಲ್ಲ ಹೀರುತ್ತದೆಂದು ಕೆಲವರು ತಿಳಿದಿದ್ದಾರೆ. ಅದು ಹೀರುವುದು ಅತ್ಯಲ್ಪ. ಗಾಳಿಗೆ ಅದರ ದಂಟು ತೂಗಾಡಿದಾಗ ಮೇಲೆ ಕಟ್ಟಿದ ಕೆಸರಿನ ಹೆಪ್ಪು ಬುಡದಲ್ಲಿ ಬಿರಿದು ನೀರಿಗೆ ದಾರಿಯಾಗುತ್ತದೆ. ಅದರ ಮುಖ್ಯ ಉಪಕಾರ ಇದು.

ಮೊದಲ ಹಂತದಲ್ಲಿ ಮೂರು ಪಾತಿಗಳಿರುತ್ತವೆ. ಒಂದಕ್ಕೆ ಮೂರು ನಾಲ್ಕು ದಿನ ನೀರು ಬಿಟ್ಟು, ಬಳಿಕ ಒಂದು ವಾರ ಒಣಗಲು ಬಿಡುತ್ತಾರೆ. ಕೆಸರು ವರ್ಷಕ್ಕೆ ಎರಡು ಮೂರು ಸೆಂಟಿಮೀಟರು ಮಾತ್ರ ಏರಿ, ಒಣಗಿ ಗೊಬ್ಬರದಂತಾಗುತ್ತದೆ. ಹತ್ತು ಹದಿನೈದು ವರ್ಷಕ್ಕೊಮ್ಮೆ ತೆಗೆದರೆ ಸಾಕು. ಫ್ರಾನ್ಸಿನಲ್ಲಿ ತಲೆಗೆ ಸುಮಾರು 2 ಚದರ ಮೀಟರು ಜಾಗ ಇಡುತ್ತಾರೆ. ಅದೇ ಲೆಕ್ಕದಲ್ಲಿ ಸಾವಿರ ಜನಕ್ಕೆ ಇಪ್ಪತ್ತು ಗುಂಟೆ. ಮಳೆನೀರಿನ ಚರಂಡಿಯನ್ನು ಮಾತ್ರ ಇದಕ್ಕೆ ಕೂಡಿಸಬಾರದು.

ಈ ಪಾತಿ ಎಲ್ಲವನ್ನೂ ತೆಗೆಯುವುದಿಲ್ಲವೆಂಬುದನ್ನೂ ಹೇಳಬೇಕು. ಕೊಳೆಯಲ್ಲಿನ ಅಮೋನಿಯ ಇಲ್ಲಿ ನೈಟ್ರೇಟಾಗಿ ಉಳಿಯುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಮು ಮೀರಬಾರದೆಂದು ನಮ್ಮ ದೇಶದ ಕಟ್ಟಳೆ. ಮೀರಿದರೆ ಬಾಟಲಿ ಹಾಲು ಕುಡಿಯುವ ಹಸುಗೂಸಿಗೆ ಅಪಾಯ. ಆದುದರಿಂದ ಹೊರಬಂದ ನೀರನ್ನು ಬಾವಿಯ ಬಳಿ ಇಂಗಿಸದೆ ಬೆಳೆಗೆ ಹಾಯಿಸುವುದು ಮೇಲು. ಅದು ಗೊಬ್ಬರವೂ ಹೌದು. ಇಲ್ಲವೆ, ಸದಾ ನೀರು ನಿಂತ ಇನ್ನೊಂದು ಜಲ್ಲಿಯ ಪಾತಿ ಮಾಡಿದರೆ, ಗಾಳಿಯಿಲ್ಲದೆ ಬದುಕಬಲ್ಲ ಜೀವಾಣುಗಳು ನೈಟ್ರೇಟನ್ನು ಒಡೆದು ಸಾರಜನಕವನ್ನು ಗಾಳಿಗೆ ಬಿಡುತ್ತವೆ. ರಂಜಕ ಬಹುಪಾಲು ನೀರಿನಲ್ಲೇ ಉಳಿಯುವುದರಿಂದ ಕೆರೆಗೆ ಬಿಟ್ಟರೆ ಪಾಚಿ ಬೆಳೆಯುತ್ತದೆ. ರೋಗಾಣುಗಳೂ ಪೂರ್ತಿ ಸಾಯವು. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗೆ ಈ ನೀರು ಕೂಡದು.

ಇನ್ನು ಆಳಿನ ಮಾತು. ವಾರಕ್ಕೆರಡು ಸಲ ತೂಬು ತಿರುಗಿಸಬೇಕು, ಜಾಲರಿ ಬಾಚಬೇಕು, ವರ್ಷಕ್ಕೊಮ್ಮೆ ಜೊಂಡು ಕೊಯ್ಯಬೇಕು. ಗುಂಡಿಗೆ ಇಳಿಯುವ ಪ್ರಸಂಗವಿಲ್ಲ. ನಮ್ಮ ಕಡೆ ಕೆರೆಯ ನೀರು ಹಂಚಲು ನೀರಗಂಟಿ ಇರುತ್ತಿದ್ದ. ಈಗ ನಲ್ಲಿಗೆ ನೀರು ಬಿಡಲು ಪಂಚಾಯತಿಯ ವಾಟರ್‌ಮನ್ ಇದ್ದಾನೆ. ಈ ತೂಬನ್ನೂ ಅವನಿಗೇ ಒಪ್ಪಿಸಬಹುದು. ಆದರೆ ಕೊಳೆಯ ಕೆಲಸವೆಂದೊಡನೆ ಇಂಥ ಕೇರಿಯವರೇ ಬರಲೆಂಬ ಹಳೆಯ ಮಾತು ಏಳುವುದುಂಟು. ಊರಿನ ಗ್ರಾಮಸಭೆಯಲ್ಲಿ ಕೂರುವ ಅವಕಾಶ ಸಿಕ್ಕವರು ಜಾಗ, ಜಲ್ಲಿಗಳ ಲೆಕ್ಕದ ಜೊತೆಗೆ ಆ ಕೆಲಸಗಾರನ ಸಂಬಳ, ಕೈಚೀಲ, ಬೂಟುಗಳನ್ನೂ ಪಟ್ಟಿಯಲ್ಲಿ ಬರೆಸಬೇಕು.