ಮಾತಿನ ಬೇಲಿ

ತನಗೆ ಪೂರ್ಣವಾಗಿ ತಿಳಿಯದ ಸಂಗತಿಯನ್ನು ಹೇಳುವಾಗ ಮನುಷ್ಯನು ತನ್ನ ಮಾತಿಗೊಂದು ಬೇಲಿಯನ್ನು ಹಾಕಿಕೊಳ್ಳುತ್ತಾನೆ. ಇಂಗ್ಲೀಷಿನ ಆಡುಮಾತಿನಲ್ಲಿ ‘ಮೇ ಬಿ’, ‘ಐ ಗೆಸ್’, ‘ಸಾರ್ಟ್ ಆಫ್’ ಎಂಬ ನುಡಿಗಳು ಇಂಥವು. ಅಮೇರಿಕದ ಭಾಷಾಶಾಸ್ತ್ರಜ್ಞರಾದ ಜಾರ್ಜ್ ಲೇಕಾಫ್ ಅವರು 1972ರ ತಮ್ಮ ಲೇಖನದಲ್ಲಿ ಇವನ್ನು ‘ಹೆಡ್ಜ್’, ಎಂದರೆ ಬೇಲಿ, ಎಂದೇ ಕರೆದರು. ಹುಬ್ಬಳ್ಳಿ-ಧಾರವಾಡಗಳ ಮನೆಗಳಲ್ಲಿಯೂ ಈಗ ಮಕ್ಕಳ ನಾಲಗೆಯ ಮೇಲೆ ಇವು ಆಡುತ್ತಿವೆ. ಪರಭಾಷೆಯ ನುಡಿ ಬಂದಿತೆಂದು ನಾವು ಕೋಪಿಸಿಕೊಳ್ಳುವವರಲ್ಲ. ಆದರೆ ಮನೆಯೊಳಗಿನ ಸೊತ್ತನ್ನು ಒಮ್ಮೆ ಎಣಿಸಿ ನೋಡುವುದು ಗೃಹಸ್ಥರಿಗೆ ಉಚಿತವು.

ನಮ್ಮ ಭಾಗದ ಆಡುನುಡಿಯನ್ನೇ ತೆಗೆದುಕೊಳ್ಳೋಣ. ‘ಬಂದಾನ’ ಎಂಬುದು ತಾನೇ ಬಲ್ಲೆನೆಂಬವನ ಮಾತು. ‘ಬಂದಾನಂತ’ ಎಂಬುದು ಪರರಿಂದ ಕೇಳಿದ್ದು; ಮೈಸೂರಿನ ಕಡೆಯವರು ಇಲ್ಲಿ ‘ಅಂತೆ’ ಎನ್ನುವರು. ‘ಬಂದಿರಬೇಕು’ ಎಂಬುದು ಬಾಗಿಲಲ್ಲಿ ಚಪ್ಪಲಿಗಳನ್ನು ಕಂಡು ಊಹಿಸಿದ್ದು. ‘ಬಂದಾನು’ ಎಂದರೆ ಬರುವ ಸಂಭವವುಂಟು, ಅಷ್ಟೇ. ‘ಬಂದಾನ’, ‘ಬಂದಾನು’ ಇವುಗಳಲ್ಲಿ ಕಡೆಯ ಸ್ವರವೊಂದೇ ಬೇರೆ. ಅಷ್ಟರಿಂದಲೇ ನಿಶ್ಚಯವು ಸಂಭಾವನೆಯಾಗುತ್ತದೆ. ‘ಮೇ ಬಿ’ ಎಂಬ ಒಂದೇ ನುಡಿಯನ್ನು ಎಲ್ಲ ಕಡೆಗೂ ಬಳಸಿದರೆ ಈ ಭೇದಗಳು ಅಳಿಸಿಹೋಗುತ್ತವೆ.

ಪ್ರಾಚೀನರೂ ಈ ವಿಷಯದಲ್ಲಿ ಜಾಗರೂಕರಾಗಿದ್ದರು. ಮಾತಾಡುವವನು ಕಣ್ಣಾರೆ ಕಾಣದ, ಈ ದಿನದ್ದಲ್ಲದ ಭೂತಕಾಲದ ಸಲುವಾಗಿ ಪಾಣಿನಿಯು ‘ಲಿಟ್’ ಎಂಬ ಪ್ರತ್ಯೇಕ ಲಕಾರವನ್ನು ವಿಧಿಸಿದನು. ಕೇಳಿದ ವಾರ್ತೆಯನ್ನು ಸೂಚಿಸಲು ಸಂಸ್ಕೃತದಲ್ಲಿ ‘ಕಿಲ’ ಎಂಬ ಅವ್ಯಯವೂ ಉಂಟು.

ಇದು ಕೇವಲ ಪಂಡಿತರ ಚರ್ಚೆಯೆಂದು ವಾಚಕರು ಎಣಿಸಬಾರದು. ‘ಆ ಹುಡುಗ ಕುಡೀತಾನಂತ’ ಎಂದು ಹೊರಟ ಸುದ್ದಿಯು ನಾಲ್ಕು ಮನೆ ದಾಟುವಷ್ಟರಲ್ಲಿ ‘ಕುಡೀತಾನ’ ಎಂದಾಗುತ್ತದೆ. ‘ಅಂತ’ ಎಂಬ ಬೇಲಿ ಬಿದ್ದೊಡನೆ ಗಾಳಿಮಾತು ಸಾಕ್ಷಿಯಾಗಿ ನಿಲ್ಲುತ್ತದೆ. ನಿಶ್ಚಯವಾದ ಲಗ್ನವು ಮುರಿಯುತ್ತದೆ. ಇನ್ನು ಬೇಲಿಯೇ ಎದ್ದು ಹೊಲ ಮೇಯುವುದೂ ಉಂಟು. ಸಂಬಂಧ ಮನಸ್ಸಿಗೆ ಬಾರದ ವರನ ಕಡೆಯವರು ‘ನೋಡೂಣಂತ್ರಿ, ತಿಳಸ್ತೇವಿ’ ಎಂದು ನಯವಾಗಿ ಕಳಿಸುತ್ತಾರೆ. ಕನ್ಯೆಯ ತಂದೆಯು ಅದನ್ನೇ ಆಸೆಯೆಂದು ನಂಬಿ, ಬಂದ ಬೇರೆ ಸಂಬಂಧಗಳನ್ನು ಕೈಬಿಟ್ಟು, ತಿಂಗಳುಗಟ್ಟಲೆ ಕಾಯುತ್ತಾನೆ. ಇಲ್ಲಿ ಸಂದೇಹವೇನೂ ಇಲ್ಲ, ನಿರ್ಧಾರವಾಗಿಹೋಗಿದೆ. ಅದನ್ನು ಸಂದೇಹದ ವೇಷದಲ್ಲಿ ಅಡಗಿಸುವುದು ಸೌಜನ್ಯವೆನಿಸದು. ‘ನಮಗ ಕೂಡಿಬರೂದಿಲ್ಲರಿ’ ಎಂಬ ಮಾತು ಆ ಕ್ಷಣಕ್ಕೆ ಕಹಿಯಾದರೂ ಮುಂದೆ ಉಪಕಾರವೇ ಸರಿ.

ಅರಿವಿನ ಮೇರೆಯನ್ನು ತೋರಿಸುವುದಷ್ಟೇ ಬೇಲಿಯ ಕೆಲಸ. ಮಕ್ಕಳು ಹೊರಗಿನ ಸುದ್ದಿಯನ್ನು ಮನೆಗೆ ತಂದಾಗ ಹಿರಿಯರು ಅವರನ್ನು ಗದರಿಸಬೇಕಾಗಿಲ್ಲ. ‘ಕಂಡಿಯೋ, ಕೇಳಿದಿಯೋ?’ ಎಂದು ಪ್ರೀತಿಯಿಂದ ವಿಚಾರಿಸಿದರೆ ಸಾಕು. ಸತ್ಯದ ಮೊದಲ ಪಾಠವು ಮನೆಯಲ್ಲಿಯೇ ಆಗುತ್ತದೆ.