ನಿಮಗಿದು ಗೊತ್ತೆ? ಚಿನ್ನದ ಗಣಿಯಲ್ಲಿ ಸಿಕ್ಕಿದ ನ್ಯೂಟ್ರಿನೊ

ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವು ಸಿಕ್ಕಿದ ಸುದ್ದಿ ಜಗತ್ತಿನಲ್ಲೇ ಮೊದಲು ಅಚ್ಚಾದದ್ದು ನಮ್ಮ ಕೋಲಾರದ ಚಿನ್ನದ ಗಣಿಯಿಂದ! ಕೆ.ಜಿ.ಎಫ್‌.ನ ಚಾಂಪಿಯನ್ ರೀಫ್ ಗಣಿ, ನೆಲದಿಂದ ಸುಮಾರು 7,600 ಅಡಿ ಕೆಳಗೆ. ವರ್ಷ 1965.

ಸೂರ್ಯನಿಂದ ಬರುವ ನ್ಯೂಟ್ರಿನೊಗಳೇ ನಿಮ್ಮ ಹೆಬ್ಬೆರಳ ಉಗುರಿನಷ್ಟು ಜಾಗವನ್ನು ಸೆಕೆಂಡಿಗೆ ಸುಮಾರು 6,500 ಕೋಟಿಯಂತೆ ದಾಟುತ್ತವೆ. ಆದರೆ ಹಿಡಿಯುವುದು ಮಹಾ ಕಷ್ಟ. ನೆಲದ ಮೇಲೆ ಬೇರೆ ಕಣಗಳದ್ದೇ ಗದ್ದಲ. ಎರಡು ಕಿಲೋಮೀಟರಿಗೂ ಹೆಚ್ಚು ದಪ್ಪದ ಬಂಡೆ ಆ ಗದ್ದಲವನ್ನು ತಡೆಯುತ್ತದೆ. ನ್ಯೂಟ್ರಿನೊಗೆ ಬಂಡೆ ಲೆಕ್ಕಕ್ಕೇ ಇಲ್ಲ. ಎಲ್ಲೋ ಅಪರೂಪಕ್ಕೊಂದು ಕಲ್ಲಿನ ಅಣುವಿಗೆ ಬಡಿದರೆ ಮ್ಯುಯಾನ್ ಎಂಬ ಕಣ ಚಿಮ್ಮುತ್ತದೆ. ಅದು ಅಡ್ಡಲಾಗಿ ಹಾದುಬಂದರೆ ಗುರುತು ಹಿಡಿಯಲೆಂದೇ ಉಪಕರಣವನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಿದ್ದರು.

ಮುಂಬೈ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹ್ಯಾಮ್ ವಿಜ್ಞಾನಿಗಳ ಜಂಟಿ ಸಾಹಸವಿದು. 1951ರಲ್ಲಿ ಹೋಮಿ ಭಾಭಾ ಮಾತಿನಂತೆ ಈ ಗಣಿಗಿಳಿದು ಕಣಗಳನ್ನು ಅಳೆಯಲು ಶುರುಮಾಡಿದ್ದ ಬಿ.ವಿ. ಶ್ರೀಕಂಠನ್ ನಂಜನಗೂಡಿನವರು. ಕನ್ನಡಿಗರು ಮಕ್ಕಳಿಗೆ ಹೇಳಲೇಬೇಕಾದ ಹೆಸರು.

ಪೈಪೋಟಿಯೂ ಜೋರಾಗಿತ್ತು. ಕೋಲಾರದ ಲೇಖನ ಪ್ರಕಟವಾದದ್ದು ಆಗಸ್ಟ್ 15ರಂದು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಇದೇ ಹುಡುಕಾಟದಲ್ಲಿದ್ದ ವಿಜ್ಞಾನಿ ಫ್ರೆಡರಿಕ್ ರೈನ್ಸ್ ತಂಡದ್ದು ಆಗಸ್ಟ್ 30ರಂದು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು.