ಮೊಲ ಬಂತು, ಗಿಳಿ ಹೋಯಿತು

ಮೊಲ ಗಿಳಿಯನ್ನು ತಿನ್ನುವುದಿಲ್ಲ. ಆದರೂ ಮ್ಯಾಕ್ವಾರಿ ದ್ವೀಪದ ಗಿಳಿ ಅಳಿದದ್ದರಲ್ಲಿ ಮೊಲದ ಪಾಲು ದೊಡ್ಡದು.

ಟಾಸ್ಮೇನಿಯಾಕ್ಕೂ ಅಂಟಾರ್ಕ್ಟಿಕಾಕ್ಕೂ ನಡುವೆ ಇರುವ, ಸುಮಾರು 34 ಕಿ.ಮೀ. ಉದ್ದದ ಈ ದ್ವೀಪ ಸೀಲ್ ಬೇಟೆಗಾರರ ಕಣ್ಣಿಗೆ ಬಿದ್ದದ್ದು 1810ರಲ್ಲಿ. ಅವರ ಹಿಂದೆಯೇ ಬೆಕ್ಕು ಬಂತು. ನೆಲದಲ್ಲೇ ಗೂಡು ಮಾಡುತ್ತಿದ್ದ ಗಿಳಿ ಹಲವು ದಶಕ ಬೆಕ್ಕಿನ ಜೊತೆಗೂ ಹೇಗೋ ಬಾಳಿತು. ಚಳಿಗಾಲದಲ್ಲಿ ಕಡಲಹಕ್ಕಿಗಳು ಹೊರಟುಹೋದರೆ ಬೆಕ್ಕಿಗೆ ಉಪವಾಸ. ಹಾಗಾಗಿ ಅದರ ಸಂತತಿ ಹದ್ದುಮೀರಿರಲಿಲ್ಲ. 1870ರ ದಶಕದ ಕೊನೆಗೆ ಯಾರೋ ಮಾಂಸಕ್ಕಾಗಲಿ ಎಂದು ಮೊಲ ತಂದು ಬಿಟ್ಟರು. ಬೆಕ್ಕಿಗೆ ವರ್ಷವಿಡೀ ಹಬ್ಬ. ಹತ್ತು ಹನ್ನೆರಡು ವರ್ಷಗಳಲ್ಲೇ ಗಿಳಿ ನಿರ್ವಂಶವಾಯಿತು.

ಇಲಿ, ಸುಂಡಿಲಿಗಳೂ ಹಡಗಿನಿಂದಿಳಿದು ಮೊಟ್ಟೆ, ಮರಿಗಳಿಗೆ ಬಾಯಿ ಹಾಕಿದವು. ಲಕ್ಷ ದಾಟಿದ ಮೊಲಗಳು ಗುಡ್ಡದ ಹಸಿರನ್ನೆಲ್ಲ ಬೋಳಿಸಿದವು. 1978ರಲ್ಲಿ ಅವುಗಳ ಮೇಲೆ ಮಿಕ್ಸೋಮಾ ವೈರಸ್ ಬಿಟ್ಟರು. ಮೊಲ ಕಡಿಮೆಯಾದಾಗ ಬೆಕ್ಕು ಹಕ್ಕಿಗಳ ಮೇಲೆ ಬಿತ್ತು. ಸರಿ, ಬೆಕ್ಕನ್ನೇ ತೆಗೆಯೋಣವೆಂದು 1985ರಿಂದ ಬೆನ್ನು ಹತ್ತಿ 2000ಕ್ಕೆ ಮುಗಿಸಿದರು. ಅಷ್ಟರಲ್ಲಿ ವೈರಸ್ಸಿನ ಬಲವೂ ಕುಂದಿತ್ತು. ಮೊಲ ಮತ್ತೆ ಹೆಚ್ಚಿದವು. ಬೋಳು ಇಳಿಜಾರುಗಳು ಕುಸಿದವು. 2006ರಲ್ಲಿ ಅಂಥದೊಂದು ಕುಸಿತ ಪೆಂಗ್ವಿನ್‌ಗಳನ್ನೂ ಹೂತುಹಾಕಿತು.

ಒಂದನ್ನು ತೆಗೆದರೆ ಇನ್ನೊಂದು ತಲೆಯೆತ್ತುತ್ತದೆ ಎಂದು ಅರಿವಾದ ಮೇಲೆ ಮೊಲ, ಇಲಿ, ಸುಂಡಿಲಿ ಮೂರಕ್ಕೂ ಒಮ್ಮೆಲೇ ಕೈ ಹಾಕಿದರು. ಖರ್ಚು ಸುಮಾರು 2.5 ಕೋಟಿ ಆಸ್ಟ್ರೇಲಿಯನ್ ಡಾಲರ್. 2010ರಲ್ಲಿ ಗಾಳಿ, ಮಳೆ ಕೆಲಸ ಕೆಡಿಸಿತು. 2011ರಲ್ಲಿ ಹೆಲಿಕಾಪ್ಟರ್‌ಗಳು ವಿಷದ ಕಾಳನ್ನು ದ್ವೀಪದ ತುಂಬ ಸುರಿದವು. ವಿಷವನ್ನು, ವಿಷ ತಿಂದು ಸತ್ತ ಪ್ರಾಣಿಗಳನ್ನು ತಿಂದು ಎರಡು ಸಾವಿರಕ್ಕೂ ಹೆಚ್ಚು ಹಕ್ಕಿಗಳು ಸತ್ತವು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು ಎನ್ನುವವರಿದ್ದಾರೆ. ನಾನು ಒಪ್ಪಲಾರೆ: ಆ ಜಾತಿಯ ಹಕ್ಕಿಗಳು ಇಂದಿಗೂ ಅಲ್ಲಿ ಮರಿ ಮಾಡುತ್ತಿವೆ, ಗಿಳಿ ಮಾತ್ರ ಇಲ್ಲ.

ಉಳಿದ ಬೆರಳೆಣಿಕೆಯ ಮೊಲಗಳನ್ನು ಪಳಗಿದ ನಾಯಿಗಳು ಹುಡುಕಿಕೊಟ್ಟವು. ಆಮೇಲೂ ಎರಡು ವರ್ಷ ಬೇಟೆಗಾರರು ನಾಯಿಗಳೊಂದಿಗೆ ದ್ವೀಪವಿಡೀ ಅಲೆದರು. ಒಂದು ಹಿಕ್ಕೆಯೂ ಸಿಗಲಿಲ್ಲ. 2014ರ ಏಪ್ರಿಲ್‌ನಲ್ಲಿ ಗೆದ್ದೆವೆಂದು ಸಾರಿದರು. ಹುಲ್ಲು ಎತ್ತರಕ್ಕೆ ಬೆಳೆದಿದೆ, ಪೆಟ್ರೆಲ್ ಹಕ್ಕಿಗಳು ಬಿಲಗಳಿಗೆ ಮರಳಿವೆ. ಒಂದು ಬಸುರಿ ಇಲಿ ನುಸುಳಿದರೂ ಕಥೆ ಮತ್ತೆ ಮೊದಲಿನಿಂದ. ಅದಕ್ಕೇ ಅಲ್ಲಿಗೆ ಹೊರಡುವ ಸಾಮಾನನ್ನು ಈಗ ನಾಯಿಗಳು ಮೂಸಿ ನೋಡುತ್ತವೆ.